ಪುಸ್ತಕದಲ್ಲಿಲ್ಲದ ಪರಸಪ್ಪ

ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತರೂ ತಂಗೆವ್ವನ ಕಣ್ಣು ಅದರ ಮೇಲಿರಲಿಲ್ಲ. ಕೈಗಳು ತಮ್ಮ ಪಾಡಿಗೆ ತಾವು ಮುಂದಿನ ರೊಟ್ಟಿಯನ್ನು ಬಡಿಯುತ್ತಿದ್ದವು. ಮನಸ್ಸು ಮಾತ್ರ ನಿನ್ನೆ ಮಧ್ಯಾಹ್ನ ಓದಿ ಮುಗಿಸಿದ ಕಾದಂಬರಿಯ ಕಡೆಯ ಪುಟದಲ್ಲಿ ಕೂತುಬಿಟ್ಟಿತ್ತು, ಏಳಲೊಲ್ಲದು.

"ಸುಟ್ಟ ವಾಸನಿ ಬರಾಕ ಹತ್ತೇತಿ," ಎಂದಳು ಅತ್ತೆ ಕೆಂಚವ್ವ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಸಂಜೆಯ ಗುಡಿಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. "ತಲ್ಯಾಗಿನ ಆ ಪರಸಪ್ಪನ್ನ ಇಳಿಸಿ, ಮೊದಲ ಹಂಚಿನ್ಯಾಗಿನ ರೊಟ್ಟಿ ಇಳಿಸು."

ತಂಗೆವ್ವ ಗಡಬಡಿಸಿ ರೊಟ್ಟಿ ತೆಗೆದಳು. ಒಂದು ಮಗ್ಗುಲು ಕರ್ರಗಾಗಿತ್ತು. ಅದನ್ನು ತನ್ನ ಪಾಲಿಗೆಂದು ಬೇರೆ ಇಟ್ಟಳು.

"ಅಕಿ ಅಂವಗ ಹೆಂಗ ಮಾಫ ಮಾಡಿದ್ಲು ಅತ್ತಿ? ನನಗದ ತಿಳಿವಲ್ದು."

"ಮಾಡದ ಏನ ಮಾಡಬೇಕಿತ್ತು? ಗಂಡ ಅಲ್ಲೇನು."

"ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಯಾಕ ಮಾಡಿದ್ಲು ಅಂಬೂದು ಬರದಾಂವಗರ ಗೊತ್ತಿರಬೇಕೋ ಬ್ಯಾಡೋ? ಪುಸ್ತಕದ ತುಂಬ ಅಕಿ ಒಂದ ಮಾತು ಆಡಲಿಲ್ಲ. ಕಡೀ ಪುಟದಾಗ 'ಅವಳು ಸುಖಿಯಾದಳು' ಅಂತ ಬರದಾನ. ಅಕಿನ್ನ ಕೇಳಿದಾರ ಯಾರು?"

ಕೆಂಚವ್ವ ಬತ್ತಿಯ ತುದಿಯನ್ನು ನೀಟಾಗಿ ತಿರುವಿದಳು. "ಬರದಾಂವ ಗಂಡಸು. ಊಟದ ಹೊತ್ತಾಗಿತ್ತೇನೋ, ಲಗೂನ ಮುಗಿಸ್ಯಾನ."

ಇಬ್ಬರೂ ನಕ್ಕರು.

ತಂಗೆವ್ವ ರಾಮದುರ್ಗದ ಹೆಣ್ಣು. ಅವಳ ಅಪ್ಪ ಅಲ್ಲಿ ಸಾಲಿ ಮಾಸ್ತರನಾಗಿದ್ದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಕಲಿಸುವ ಚಟ ತೀರಿಸಿಕೊಳ್ಳಲು ಅವನಿಗೆ ಸಿಕ್ಕವಳು ಇವಳೊಬ್ಬಳೇ. ಬೈಲಹೊಂಗಲಕ್ಕೆ ಸೊಸೆಯಾಗಿ ಬಂದ ಮೇಲೆ ಓದಲು ಸಿಕ್ಕಿದ್ದೆಂದರೆ ಪಂಚಾಂಗ, ಇಲ್ಲವೆ ಬೆಲ್ಲ ಕಟ್ಟಿಕೊಂಡು ಬಂದ ಕಾಗದ. ಮಗಳು ದೊಡ್ಡವಳಾಗಿ ಸವದತ್ತಿಗೆ ಗಂಡನ ಮನೆಗೆ ಹೋದಳು. ಮಧ್ಯಾಹ್ನಗಳು ಉದ್ದವಾದವು. ಪ್ಲೇಗಿನ ಗದ್ದಲ ಮುಗಿದು ಜನ ಹೊಲದ ಗುಡಿಸಲುಗಳಿಂದ ಊರೊಳಗೆ ಮರಳಿದ ವರ್ಷ, ದೀಪಾವಳಿಯ ಹೊತ್ತಿಗೆ, ಪೇಟೆಯ ನಾಲ್ಕು ಮಂದಿ ಕೂಡಿ ಬಸವಣ್ಣನ ಗುಡಿಯ ಹಿಂದಿನ ಕೋಣೆಯಲ್ಲಿ ಒಂದು ವಾಚನಾಲಯ ತೆರೆದರು. ಹತ್ತಿ ಹೇರಿಕೊಂಡು ಧಾರವಾಡಕ್ಕೆ ಹೋದ ಗಾಡಿಗಳು ಕಿತ್ತೂರಿನ ಹಾದಿಯಲ್ಲಿ ಮರಳುವಾಗ ಖಾಲಿ ಚೀಲಗಳಲ್ಲಿ ಪುಸ್ತಕ ಸುತ್ತಿ ತರುತ್ತಿದ್ದವು. ಹಾಳೆಗಳ ನಡುವೆ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ತಂಗೆವ್ವ ಪ್ರತಿ ಪುಸ್ತಕವನ್ನೂ ಮೊದಲು ಅಕ್ಕಿ ಆರಿಸಿದಂತೆ ಆರಿಸಿ, ಆಮೇಲೆ ಓದುತ್ತಿದ್ದಳು.

ತಂಗೆವ್ವನ ಗಂಡ ಅಂದಾನೆಪ್ಪ ಹತ್ತಿ ದಲಾಲಿ. ವಾಚನಾಲಯಕ್ಕೆ ಕಪಾಟು ಮಾಡಿಸಿಕೊಟ್ಟವನು ಅವನೇ. ಕಪಾಟು ಕೊಟ್ಟವನು ಪುಸ್ತಕ ಒಯ್ಯದಿದ್ದರೆ ಚಂದ ಕಾಣುವುದಿಲ್ಲವಲ್ಲ, ಹಾಗಾಗಿ ಒಯ್ಯುತ್ತಿದ್ದ. ಆದರೆ ಅಲ್ಲೊಂದು ಕಟ್ಟಳೆಯಿತ್ತು. ಒಯ್ದವನು ಸೋಮವಾರ ಸಂಜೆ ಎಲ್ಲರೆದುರು ಎದ್ದು ನಿಂತು ಆ ಪುಸ್ತಕದ ಬಗ್ಗೆ ತನ್ನ ಅಭಿಪ್ರಾಯ ಹೇಳಬೇಕು. ಹೇಳಿದರೆ ಮುಂದಿನ ಪುಸ್ತಕ, ಇಲ್ಲದಿದ್ದರೆ ಇಲ್ಲ. ಅಂದಾನೆಪ್ಪನಿಗೋ ಎರಡು ಪುಟ ತಿರುವುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತಿದ್ದವು. ಮೊದಲ ಸಲ ಪೇಚಿಗೆ ಸಿಕ್ಕು, ಊಟಕ್ಕೆ ಕೂತಾಗ, "ನೀ ಓದೀಯಲ್ಲ, ಹೆಂಗೈತಿ ಹೇಳು," ಎಂದ. ಅವಳು ಹೇಳಿದಳು. ಅವನು ಪೇಟೆಯ ದರ ನೆನಪಿಟ್ಟಂತೆ ಮಾತಿಗೆ ಮಾತು ನೆನಪಿಟ್ಟುಕೊಂಡು ಹೋಗಿ ಒಪ್ಪಿಸಿದ. ಹೊಸ ಪುಸ್ತಕ ಬಂತು. ಅಂದಿನಿಂದ ಅದೇ ರೂಢಿಯಾಯಿತು.

ತಂಗೆವ್ವನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವಳಿಗೆ ಬೇಕಾದದ್ದು ಪುಸ್ತಕ. ಅದು ಈ ಮನೆಯ ಹೊಸಿಲು ದಾಟಿ ಬರಲು ಇದ್ದದ್ದು ಇದೊಂದೇ ದಾರಿ.

ಮೊದಲು ಬಂದದ್ದು ಗೃಹಿಣಿಯರಿಗೆ ಬುದ್ಧಿ ಹೇಳುವ ಪುಸ್ತಕ. ಕೋಳಿ ಕೂಗುವ ಮುಂಚೆ ಎದ್ದು ಏನೇನು ಮಾಡಬೇಕೆಂದು ಅದರಲ್ಲಿ ಉದ್ದಕ್ಕೆ ಬರೆದಿತ್ತು. "ಇಂವ ಹಸೀ ಕಟಿಗಿ ಊದಿದಾವಲ್ಲ," ಎಂದಿದ್ದಳು ತಂಗೆವ್ವ. "ಇಷ್ಟೆಲ್ಲ ಕೆಲಸ ಹೇಳ್ಯಾನ, ಅಷ್ಟೊತ್ತನಕಾ ಕೂಸಿನ್ನ ಯಾರು ಹಿಡಕೋಬೇಕು ಅಂತ ಒಂದ ಕಡೆನೂ ಹೇಳಿಲ್ಲ." ಆಮೇಲೆ ರೈಲಿನಲ್ಲಿ ಕಾಶಿಗೆ ಹೋಗಿ ಬಂದವರೊಬ್ಬರ ಪ್ರವಾಸದ ಕಥೆ ಬಂತು. ಅದಕ್ಕಾಗಿ ಬಹಳ ಆಸೆಪಟ್ಟಿದ್ದಳು. ಆ ಪುಣ್ಯಾತ್ಮ ಪ್ರತಿ ಸ್ಟೇಷನ್ನಿನ ತಿಕೀಟಿನ ದರ ಬರೆದಿದ್ದನೇ ಹೊರತು ಎದುರಿಗೆ ಕೂತವರು ಏನು ಮಾತಾಡಿದರು, ಹೆಂಗಸರ ಡಬ್ಬಿಯಲ್ಲಿ ಕಿಡಿಕಿ ತೆರೆಯಲು ಬಿಡುತ್ತಾರೋ ಇಲ್ಲವೋ, ಒಂದನ್ನೂ ಹೇಳಿರಲಿಲ್ಲ. ಪುಸ್ತಕ ಮುಚ್ಚಿದಾಗ ತಾನು ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗಿ ಹಾಗೇ ಮರಳಿ ಬಂದಂತೆ ಅನಿಸಿತ್ತು ಅವಳಿಗೆ.

ಒಂದು ಕಳ್ಳನನ್ನು ಹಿಡಿಯುವ ಕಥೆ ಬಂತು. ಅದನ್ನು ಓದುತ್ತ ಕೂತಾಗ ಹಾಲು ಉಕ್ಕಿ ಒಲೆ ಆರಿತು. ಕಳ್ಳ ಯಾರೆಂದು ಅವಳು ಬಹಳ ಮುಂಚೆಯೇ ಹೇಳಿದ್ದಳು, ಏಕೆಂದರೆ ಕಳವಾದ ಮರುದಿನ ಹೊಟ್ಟೆ ತುಂಬ ಉಂಡವನು ಅವನೊಬ್ಬನೇ. ಆದರೂ ಆ ಪುಸ್ತಕ ಹಿಡಿಸಿತು. ಅದು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಎಲ್ಲಕ್ಕಿಂತ ಹಿಡಿಸಿದ್ದು ದನಗಳ ಬೇನೆಯ ಒಂದು ತೆಳ್ಳನೆಯ ಪುಸ್ತಕ. ಬರೆದವನು ಅಲ್ಲಲ್ಲಿ, ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದು ಮಾತ್ರ, ಎಂದು ಒಪ್ಪಿಕೊಂಡಿದ್ದ. ಪುಸ್ತಕ ಬರೆದವರು ಹಾಗೂ ಹೇಳಬಹುದೆಂದು ತಂಗೆವ್ವನಿಗೆ ಗೊತ್ತಿರಲಿಲ್ಲ. "ಎಮ್ಮಿ ಪುಸ್ತಕ ಚಲೋ ಐತಿ ಅಂತ ನಾ ಮಂದ್ಯಾಗ ಹೆಂಗ ಹೇಳಲಿ?" ಎಂದು ಅಂದಾನೆಪ್ಪ ಸಂಕೋಚಪಟ್ಟಿದ್ದ. ಆದರೆ ಹೇಳಿಬಂದಿದ್ದ.

ಅಲ್ಲಿ ಜನ ಅದಕ್ಕೆ ಏನೆಂದರು ಎಂಬುದನ್ನು ಅವನು ಎಂದೂ ಹೇಳುತ್ತಿರಲಿಲ್ಲ. ಕೇಳಿದರೆ, "ಹೂಂ, ಚಲೋ ಆತು," ಅಷ್ಟೇ. ತನ್ನ ಮಾತು ಬಾಗಿಲು ದಾಟಿ ಹೋಗಿ ಏನಾಗುತ್ತದೆ ಎಂಬ ಕುತೂಹಲ ತಂಗೆವ್ವನಿಗೆ ಹಲ್ಲಿನ ಸಂದಿಗೆ ಸಿಕ್ಕ ಎಳೆಯಂತೆ ಆಗಾಗ ತಾಕುತ್ತಿತ್ತು.

ಈ ಸಲದ ಕಾದಂಬರಿಯನ್ನು ಅವಳು ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದ್ದಳು. ಮೊದಲ ಪುಟದಲ್ಲೇ ನಾಲಿಗೆ ನಿಂತಿತು.

"ಯಾಕ?" ಎಂದಿದ್ದಳು ಕೆಂಚವ್ವ.

"ಕಥಿಯೊಳಗಿನ ಗಂಡಸಿನ ಹೆಸರು ಅತ್ತಿ... ನಮ್ಮ ಮನಿಯವರದ."

ಕೆಂಚವ್ವನ ನಾಲಿಗೆಗೂ ಆ ಹೆಸರು ಬರುವಂತಿರಲಿಲ್ಲ. ಅಂದಾನೆಪ್ಪ ಎಂಬುದು ಅವಳ ಮಾವನ ಹೆಸರು. ಮೊಮ್ಮಗನಿಗೆ ಅದನ್ನೇ ಇಟ್ಟಿದ್ದರು. ಸೊಸೆ ಗಂಡನ ಹೆಸರು ಹೇಳುವಂತಿಲ್ಲ, ಅತ್ತೆ ಮಾವನ ಹೆಸರು ಹೇಳುವಂತಿಲ್ಲ. ಹೆತ್ತ ಮಗನನ್ನು ಕೆಂಚವ್ವ ಯಾವಾಗಲೂ 'ತಮ್ಮಾ' ಎಂದೇ ಕರೆದವಳು. ಪೇಟೆಯಲ್ಲಿ ಹತ್ತು ಜನರ ಬಾಯಲ್ಲಿದ್ದ ಆ ಹೆಸರು ಅವನ ಸ್ವಂತ ಮನೆಯೊಳಗೆ ಒಂದು ಸಲವೂ ಕೇಳಿಬರುತ್ತಿರಲಿಲ್ಲ.

"ಪರಸಪ್ಪ ಅಂತ ಓದು," ಎಂದಳು ಕೆಂಚವ್ವ ಯೋಚಿಸಿ. "ನನ್ನ ತವರಮನ್ಯಾಗ ಒಬ್ಬ ಇದ್ದ. ಇಂಥಾವನ ಇದ್ದ ಅಂವನೂ."

ಹಾಗೆ ಪುಣೆಗೆ ಓದಲು ಹೋಗಿ, ಓದು ಬಾರದ ಹೆಂಡತಿಯ ಬಗ್ಗೆ ನಾಚಿಕೊಂಡು, ಅವಳನ್ನು ವರ್ಷಗಟ್ಟಲೆ ಮರೆತು, ಕಡೆಗೆ ಮರಳಿ ಬಂದವನು ಪರಸಪ್ಪನಾದ. ಎರಡು ದಿನದಲ್ಲಿ ಆ ಹೆಸರು ಎಷ್ಟು ಒಗ್ಗಿಹೋಯಿತೆಂದರೆ, ಪುಟದ ಮೇಲೆ ಬೇರೆ ಹೆಸರಿದೆ ಎಂಬುದೇ ಇಬ್ಬರಿಗೂ ಮರೆತಿತ್ತು.

ರೊಟ್ಟಿ ಸುಟ್ಟ ಆ ಸೋಮವಾರ ಮಧ್ಯಾಹ್ನ ಅಂದಾನೆಪ್ಪ ಊಟಕ್ಕೆ ಬಂದು, "ಈ ಸಲದ್ದು?" ಎಂದಾಗಲೂ ಅವಳು ಪರಸಪ್ಪನ ಕಥೆಯನ್ನೇ ಹೇಳಿದಳು. "ಅಂವ ತಪ್ಪಾತು ಅಂತ ಮನಸಿನ್ಯಾಗ ಅಂದಕೊಂಡ, ಬಾಯಿಬಿಟ್ಟು ಅಕಿಗೆ ಹೇಳಲಿಲ್ಲ. ಹೇಳದ ತಪ್ಪಿಗೆ ಮಾಫಿ ಎಲ್ಲಿಂದ ಬಂತು? ಬರದಾಂವ ಅಕಿ ಮನಸಿನ್ಯಾಗ ಇಣುಕಿ ನೋಡಿಲ್ಲ, ಅಷ್ಟ."

"ಪರಸಪ್ಪ. ಮನಸಿನ್ಯಾಗ ಅಂದಕೊಂಡ, ಬಾಯಿಬಿಟ್ಟು ಹೇಳಲಿಲ್ಲ," ಎಂದು ಅಂದಾನೆಪ್ಪ ಮಜ್ಜಿಗೆ ಕುಡಿಯುತ್ತ ಉರುಹಚ್ಚಿದ. ಬಾಯಿ ಒರೆಸಿಕೊಂಡು ಹೋದ.

ಸಂಜೆ ಮರಳಿದಾಗ ಅವನ ಕೈಯಲ್ಲಿ ಹೊಸ ಪುಸ್ತಕವಿರಲಿಲ್ಲ. ಅದೇ ಕಾದಂಬರಿ ಇತ್ತು.

"ಬ್ಯಾರೇದು ಸಿಗಲಿಲ್ಲೇನು ತಮ್ಮಾ?" ಎಂದಳು ಕೆಂಚವ್ವ.

"ಇದನ್ನ ಓದಬೇಕಂತ," ಎಂದ. ರುಮಾಲು ಗೂಟಕ್ಕೆ ಹಾಕಿದ. ಉಂಡ. ತಂಗೆವ್ವ ಬಡಿಸುವಾಗ ಅವನು ತಾಟಿನಿಂದ ತಲೆ ಎತ್ತಲಿಲ್ಲ. ಏನಾಯಿತೆಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ.

ಅದು ತಿಳಿದದ್ದು ಮರುದಿನ ಬಾವಿಯ ಕಟ್ಟೆಯ ಮೇಲೆ. ಕೃಷ್ಣವ್ವ ಕೊಡ ಇಳಿಸುವ ಮೊದಲೇ ನಗತೊಡಗಿದಳು. ಅವಳು ಸಾಲಿ ಮಾಸ್ತರ ಅಮೋಘಸಿದ್ದಪ್ಪನ ಹೆಂಡತಿ, ಓಣಿಯ ಸುದ್ದಿಗೆಲ್ಲ ಮೊದಲ ಬಾಯಿ.

"ಏನವಾ ತಂಗೆವ್ವಾ, ನಿಮ್ಮ ಪರಸಪ್ಪ ಆರಾಮ ಅದಾನೇನು?"

ತಂಗೆವ್ವನ ಕೈಯಲ್ಲಿ ಹಗ್ಗ ಹಾಗೇ ನಿಂತಿತು. "ನಿನಗ ಹೆಂಗ ಗೊತ್ತ?"

"ಗುಡಿಗೆ ಎಣ್ಣಿ ಹಾಕಾಕ ಹೋಗಿದ್ನೆವಾ. ಆ ಕ್ವಾಣಿ ಕಿಡಿಕಿ ಗುಡಿ ಅಂಗಳಕ್ಕ, ದೀಪದ ಮಗ್ಗಲಕ ಐತಲ್ಲ. ಮೊದಲು ನಿಮ್ಮವರು ಎದ್ದು ನಿಂತು ಏನ ಚಂದ ಹೇಳಿದ್ರು ಅಂತಿ. ಪರಸಪ್ಪ ಹಂಗ ಮಾಡಿದ, ಪರಸಪ್ಪ ಹಿಂಗ ಮಾಡಬಾರದಿತ್ತು. ನಮ್ಮ ಮಾಸ್ತರ್ರು ಮೆಲ್ಲಕ ಕೇಳಿದ್ರು, 'ಯಾವ ಪರಸಪ್ಪರಿ ಸಾವಕಾರ್ರ? ಇದರಾಗ ಆ ಹೆಸರಿನಾವ ಇಲ್ಲಲ್ಲ.' ನಿಮ್ಮವರು ಬಿಡವಲ್ರು, 'ಅದಾನ, ಪುಸ್ತಕದ ತುಂಬ ಅಂವನ ಅದಾನ' ಅಂತ. ಆಮ್ಯಾಲ ಪುಸ್ತಕ ತಗದು ಹೆಸರು ತೋರಿಸಿದ್ರು ನೋಡು. ಗಪ್."

"ಗಪ್ಪಂದ್ರ?"

"ಗಪ್ಪಂದ್ರ ಗಪ್. ಪಾರಿವಾಳದ ಸಪ್ಪಳ ಕೇಳ್ತಿತ್ತು. ಆಮ್ಯಾಲ ಅಲ್ಲಿ ಎಲ್ಲಾರಕಿಂತ ಹಿರಿಯಾವ ಬಸಲಿಂಗಪ್ಪಜ್ಜ ನಗಾಕ ಸುರು ಮಾಡಿದ. 'ಅಪಾ, ಪುಸ್ತಕದಾಗ ನಿನ್ನ ಹೆಸರು ಬಂದ್ರ ಅದನ್ನ ನುಂಗಾಕಿ ಈ ಊರಾಗ ಒಬ್ಬಾಕಿನ ಅದಾಳ. ಇಷ್ಟ ದಿನ ನಾವು ಯಾರ ಮಾತು ಕೇಳೀವಿ ಈಗ ಗೊತ್ತಾತು' ಅಂದ. ಅಲ್ಲಿದ್ದವರಿಗೆಲ್ಲ ಮನ್ಯಾಗ ಹೇಂತೇರು ಅದಾರಲ್ಲ, ತಿಳಿಯಾಕ ಹೊತ್ತು ಹಿಡೀಲಿಲ್ಲ."

ಗಂಡ ತಾಟಿನ ಮೇಲೆ ಬಗ್ಗಿ ಕೂತದ್ದು ತಂಗೆವ್ವನ ಕಣ್ಣ ಮುಂದೆ ಬಂತು. "ಮತ್ತ? ಏನ ಠರಾಯಿಸಿದ್ರು?"

"ಮುಂದಿನ ಸೋಮವಾರ ತಾವ ಓದಿ, ತಮ್ಮ ಅಭಿಪ್ರಾಯ ತಾವ ಹೇಳಬೇಕು. ಇಲ್ಲಂದ್ರ ಅವರಿಗೆ ಪುಸ್ತಕ ಬಂದ್."

ತಂಗೆವ್ವ ಹಗ್ಗ ಎಳೆಯತೊಡಗಿದಳು. ಪುಸ್ತಕ ಬಂದ್. ಮತ್ತೆ ಪಂಚಾಂಗ, ಬೆಲ್ಲದ ಕಾಗದ. ಕೊಡ ಮೇಲೆ ಬಂದ ಮೇಲೆ ಕೇಳಿದಳು:

"ಕೃಷ್ಣವ್ವಾ, ಹೆಸರಿನ ಗದ್ದಲಕ್ಕಿಂತ ಮೊದಲ... ಆ ಮಾತು ಕೇಳಿ ಅವರೆಲ್ಲ ಏನಂದ್ರು?"

ಕೃಷ್ಣವ್ವ ಅವಳ ಮುಖ ನೋಡಿದಳು. "ಗಂಡನ ಮಾನ ಹೋತು ಅಂದ್ರ ಇದನ್ನ ಕೇಳ್ತಿಯಲ್ಲ ನೀ."

"ಹೇಳ ಹೇಳ."

"ಯಾರೋ 'ಖರೇ ಐತಿ' ಅಂದ್ರು. ನಮ್ಮವರೂ ಅಂದ್ರು. ಆ ಹೆಂಗಸರಿಗೆ ಬುದ್ಧಿ ಹೇಳೂ ಪುಸ್ತಕದ ಸುದ್ದಿ, ಹಸೀ ಕಟಿಗಿ ಊದಿದಾವಲ್ಲ ಅಂಬೂದು, ಮನಿಗೆ ಬಂದು ನನಗ ಹೇಳಿ ನಕ್ಕಿದ್ರು. ನಾ ಅಂದೆ, ಎಂಥಾ ಗಂಡಸಪಾ ಇಂವ, ಒಲಿ ಸಂಕಟ ತಿಳದಾನ ಅಂತ." ಕೃಷ್ಣವ್ವ ಕೊಡವನ್ನು ಟೊಂಕಕ್ಕೇರಿಸಿದಳು. "ನೀನ ಹೌದೇನು ಅದು?"

ತಂಗೆವ್ವ ತನ್ನ ಕೊಡ ಎತ್ತಿಕೊಂಡಳು. ಮನೆಗೆ ಬರುವಾಗ ಅದು ಭಾರ ಅನಿಸಲಿಲ್ಲ. ತನ್ನ ಒಂದು ಮಾತು ಗುಡಿಯ ಹಿಂದಿನ ಕೋಣೆಗೆ ಹೋಗಿ, ಅಲ್ಲಿಂದ ಮಾಸ್ತರನ ಮನೆಗೆ ಹೋಗಿ, ಅಲ್ಲಿ ಒಬ್ಬ ಹೆಂಗಸನ್ನು ನಗಿಸಿ ಬಂದಿತ್ತು. ಹೀಗೆ ಮತ್ತೆಲ್ಲೆಲ್ಲಿ ಹೋಗಿರಬಹುದು? ಎಮ್ಮೆಯ ಪುಸ್ತಕದ ಮಾತು ಯಾವ ಕೊಟ್ಟಿಗೆಗೆ ಹೋಯಿತೋ.

ಆ ಮಧ್ಯಾಹ್ನ ಊಟವಾದ ಮೇಲೆ ಅಂದಾನೆಪ್ಪ ಅಂಗಡಿಗೆ ಹೋಗದೆ ಪಡಸಾಲೆಯಲ್ಲೇ ಕೂತ.

"ಪುಸ್ತಕದಾಗ ಇದ್ದದ್ದು ನನ್ನ ಹೆಸರು ಅಂತ ಒಂದ ಮಾತು ಹೇಳಬಾರದಾಗಿತ್ತೇನು ನೀ?"

"ಹೆಂಗ ಹೇಳಲ್ರಿ?" ಎಂದಳು ತಂಗೆವ್ವ.

ಹೇಗೆ ಹೇಳುತ್ತಿದ್ದಳು ಎಂದು ಅವನೂ ಯೋಚಿಸಿದಂತೆ ಕಂಡಿತು. ಮೀಸೆಯ ಕೆಳಗೆ ಸಣ್ಣ ನಗೆ ಬಂತು, ಅದನ್ನು ಕೈಯಿಂದ ಒರೆಸಿದ. "ಪರಸಪ್ಪ ಅಂತ ಪರಸಪ್ಪ. ಚಲೋ ಹೆಸರರ ಇಡಬಾರದ?"

"ನಾನ ಇಟ್ಟದ್ದು," ಎಂದಳು ಕೆಂಚವ್ವ ಮೂಲೆಯಿಂದ. "ನಿನಗೇನು, ಅಂವ ನಿನ್ನಕಿಂತ ಚಂದ ಇದ್ದ."

ಅಂದಾನೆಪ್ಪ ಓದತೊಡಗಿದ. ಮೊದಲ ದಿನ ನಿದ್ದೆ ಬಂತು, ಪುಸ್ತಕ ಎದೆಯ ಮೇಲೆ ಬಿತ್ತು. ಎರಡನೆಯ ದಿನ ಬೆರಳಿಟ್ಟು ಸಾಲು ಸಾಲಾಗಿ ಓದಿದ, ತುಟಿ ಅಲ್ಲಾಡುತ್ತಿದ್ದವು. ತನ್ನದೇ ಹೆಸರು ಬಂದಲ್ಲೆಲ್ಲ ಕಾಲಿಗೆ ಕಲ್ಲು ತಾಗಿದವನಂತೆ ಒಂದು ಗಳಿಗೆ ನಿಲ್ಲುತ್ತಿದ್ದ. ತಂಗೆವ್ವ ಜೋಳ ಹಸನು ಮಾಡುತ್ತ ಮೊರದ ಮೇಲಿಂದ ಅವನನ್ನು ನೋಡುತ್ತಿದ್ದಳು. ಈಗ ಯಾವ ಪುಟದಲ್ಲಿದ್ದಾನೆ, ಪುಣೆಯಲ್ಲಿದ್ದಾನೋ, ಕಾಗದ ಬರೆಯುವುದನ್ನು ನಿಲ್ಲಿಸಿದ್ದಾನೋ ಎಂದು ಮುಖ ನೋಡಿ ಗುರುತಿಸಲು ಯತ್ನಿಸುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅವಳಿಗೆ ನೆನಪಿರಲಿಲ್ಲ.

ರವಿವಾರ ಇಳಿಹೊತ್ತಿಗೆ ಅವನು ಪುಸ್ತಕ ಮುಚ್ಚಿದ.

"ನೀ ಹೇಳಿದ್ದು ನನಗ ಒಪ್ಪಿಗಿಲ್ಲ," ಎಂದ.

ಮೊರ ನಿಂತಿತು. "ಯಾವುದು?"

"ಕಡೀದು. ಅಕಿ ಮಾಫ ಮಾಡಿದ್ದು ಬರೋಬ್ಬರಿ ಐತಿ. ಅಂವಗ ತಪ್ಪು ಗೊತ್ತಾತಲ್ಲ. ಓದೂಮುಂದ ನನಗ ಅಂವನ ಮ್ಯಾಲ ಕನಿಕರ ಬಂತು."

ತಂಗೆವ್ವನಿಗೆ ಮೊದಲು ಸಿಟ್ಟು ಬಂದಂತಾಯಿತು. ಆಮೇಲೆ ಅದು ಸಿಟ್ಟಲ್ಲ ಎಂದು ತಿಳಿಯಿತು. ಅವಳ ಮಾತಿಗೆ ಅವನು ಈವರೆಗೆ ಇಲ್ಲವೆಂದವನಲ್ಲ, ಹೌದೆಂದವನೂ ಅಲ್ಲ. ಹೊತ್ತುಕೊಂಡು ಹೋಗುತ್ತಿದ್ದ, ಅಷ್ಟೇ.

"ಗೊತ್ತಾತು ಖರೇ. ಅಕಿಗೆ ಹೇಳಿದ್ನೇನ್ರಿ?"

"ಹೇಳಿರತಾನ."

"ಎಲ್ಲೆ? ತೋರಿಸ್ರಿ."

ಅಂದಾನೆಪ್ಪ ಪುಸ್ತಕ ತೆರೆದ. ಕಡೆಯ ಪುಟ ನೋಡಿದ. ಅದರ ಹಿಂದಿನದು, ಅದರ ಹಿಂದಿನದು. ಬೆಳಕಿಗೆ ಸರಿದು ಕೂತು ಮತ್ತೆ ನೋಡಿದ. ಹೊರಗೆ ದನಗಳು ಹೊಲದಿಂದ ಮರಳುತ್ತಿದ್ದವು, ಓಣಿಯ ಧೂಳು ಬಾಗಿಲವರೆಗೆ ಬಂತು.

"ಇಲ್ಲ," ಎಂದ ಕಡೆಗೆ. "ಹೇಳಿಲ್ಲ."

"ಅಷ್ಟ ನಾ ಅಂದದ್ದು."

"ಮನಸಿನ್ಯಾಗ ಇದ್ರ ಸಾಲಂಗಿಲ್ಲೇನು?"

"ಅಕಿಗೆ ಹೆಂಗ ಗೊತ್ತಾಗಬೇಕು?"

ಅವನು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಅದರ ಅಂಚನ್ನು ಸವರುತ್ತ ಕೂತ. ಹಾಳೆಗಳ ನಡುವಿನಿಂದ ಹತ್ತಿಯ ಒಂದು ಎಳೆ ಹೊರಬಂದಿತ್ತು. ಅದನ್ನು ಎಳೆದು, ದಲಾಲಿಯ ರೂಢಿಯಂತೆ ಎರಡು ಬೆರಳ ನಡುವೆ ಹಿಂಜಿ ಉದ್ದ ನೋಡಿದ.

"ನಾಳೆ ಏನ ಹೇಳ್ತೀರಿ?" ಎಂದಳು ತಂಗೆವ್ವ.

"ನೋಡೂಣು," ಎಂದು ಎದ್ದು ಹೋದ.

ಸೋಮವಾರ ಕೆಂಚವ್ವ ಬತ್ತಿ ಹೊಸೆದಿಟ್ಟು, ಏಳಲು ಹೋಗಿ, ಮೊಣಕಾಲು ಹಿಡಿದು ಕೂತಳು. "ಇವತ್ತ ಗುಡಿ ಮುಟ್ಟೂದು ನನ್ನ ಕೈಲಾಗಂಗಿಲ್ಲವ್ವಾ. ಕೃಷ್ಣವ್ವನ ಕೈಯಾಗ ಎಣ್ಣಿ ಕೊಟ್ಟು ಕಳಿಸು. ಅಕಿ ಹೆಂಗೂ ಹೋಗ್ತಾಳ."

"ಹೂಂ ಅತ್ತಿ," ಎಂದಳು ತಂಗೆವ್ವ.

ಅಂದಾನೆಪ್ಪ ಆಗಲೇ ಹೊರಟು ನಿಂತಿದ್ದ. ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿದ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡವನು ತೆಗೆದು ಕೈಯಲ್ಲಿ ಹಿಡಿದ. ಹೊಸಿಲಲ್ಲಿ ಒಂದು ಸಲ ಹಿಂದಿರುಗಿ ನೋಡಿದ, ಏನೋ ಕೇಳುವವನಂತೆ. ಕೇಳಲಿಲ್ಲ. ತಂಗೆವ್ವನೂ ಏನೂ ಹೇಳಿಕೊಡಲಿಲ್ಲ. ವಾಚನಾಲಯ ಶುರುವಾದಂದಿನಿಂದ ಅವನು ಅವಳ ಒಂದು ಮಾತೂ ಇಲ್ಲದೆ ಹೋಗುತ್ತಿದ್ದದ್ದು ಇದೇ ಮೊದಲು.

ತನ್ನದೇ ಅಭಿಪ್ರಾಯ ಹೇಳುತ್ತಾನೋ, ಮಂದಿಯ ಎದುರು ನಿಂತಾಗ ಹೆದರಿ ಅವಳದ್ದನ್ನೇ ಹೇಳುತ್ತಾನೋ? ಇವಳು ಹೀಗಂದಳು, ನಾನು ಹೀಗಂದೆ ಎಂದು ಎರಡನ್ನೂ ಬಾಯಿಬಿಟ್ಟು ಹೇಳುತ್ತಾನೋ? ಹೊಸ ಪುಸ್ತಕ ಕೈಯಲ್ಲಿ ಹಿಡಿದು ಬಂದರೂ ಈ ಮನೆಯಲ್ಲಿ ಕೇಳಿಬರುವುದು, "ಹೂಂ, ಚಲೋ ಆತು," ಅಷ್ಟೇ.

ಅವನ ಹೆಜ್ಜೆಯ ಸಪ್ಪಳ ಓಣಿಯ ತಿರುವಿನಲ್ಲಿ ಅಡಗುವವರೆಗೆ ತಂಗೆವ್ವ ಅಲ್ಲೇ ನಿಂತಿದ್ದಳು. ಆಮೇಲೆ ಅಡಿಗೆಮನೆಗೆ ಹೋಗಿ ಕೈತೊಳೆದು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಗುಡಿಗೆ ಎಣ್ಣೆ ಒಯ್ಯುವ ಅಗಲ ಬಾಯಿಯ ಬಟ್ಟಲು ಗೂಡಿನಲ್ಲಿತ್ತು. ಅದರಿಂದ ಸುರಿದರೆ ಎಣ್ಣೆ ಒಂದೇ ಸಲಕ್ಕೆ ದೀಪಕ್ಕೆ ಇಳಿದುಬಿಡುತ್ತದೆ. ಅವಳು ಅದನ್ನು ಅಲ್ಲೇ ಬಿಟ್ಟು, ಹಿಂದಿದ್ದ ಸಣ್ಣ ಬಾಯಿಯ ಗಿಂಡಿಯನ್ನು ತೆಗೆದು ತುಂಬಿಸಿದಳು. ಅದರಿಂದ ಎಣ್ಣೆ ಎಳೆಯಾಗಿ, ನಿಧಾನವಾಗಿ ಬೀಳುತ್ತದೆ. ದೀಪ ತುಂಬುವವರೆಗೆ ಆ ಕೋಣೆಯ ಕಿಡಿಕಿಯ ಬಳಿ ನಿಲ್ಲಬಹುದು.

"ಕೃಷ್ಣವ್ವ ಬಂದ್ಲೇನ?" ಎಂದಳು ಕೆಂಚವ್ವ.

"ಬಾಗಿಲಿಗೆ ಹೋಗಿ ನೋಡ್ತೇನಿ ಅತ್ತಿ," ಎಂದು ತಂಗೆವ್ವ ಬತ್ತಿಗಳಲ್ಲಿ ದಪ್ಪನೆಯದೊಂದನ್ನು ಆರಿಸಿ ಸೆರಗಿನೊಳಗೆ ಇಟ್ಟುಕೊಂಡಳು.